ಸಂಪಾದಕರ ಉತ್ತರ: ಡಿಕ್ಕಿಯಲ್ಲಿ ಕೂತ ನಾಯಿ

ಓದುಗರ ಪತ್ರ: "ಮಾನ್ಯರೇ, ಬ್ರಿಟನ್ನಿನ ಟೂರಿಂಗ್ ಕಾರ್ ರೇಸುಗಳ, ಅಂದರೆ ರಸ್ತೆಯ ಕಾರುಗಳನ್ನೇ ಸಜ್ಜು ಮಾಡಿ ಓಡಿಸುವ ರೇಸುಗಳ, 'ಚಿನ್ನದ ಕಾಲ'ದ ಬಗ್ಗೆ ಕಳೆದ ಸಂಚಿಕೆಯಲ್ಲಿ ನೀವು ಬರೆದ ಟಿಪ್ಪಣಿ ಓದಿದೆ. ನಾನು ಹಾಸನದವನು, ಈಗ ಕವೆಂಟ್ರಿಯಲ್ಲಿ ಕಾರು ಎಂಜಿನಿಯರು. ಜೊತೆಗೆ ಕೆಲಸ ಮಾಡುವ ಹಿರಿಯರೊಬ್ಬರು ಪ್ರತಿ ಸೋಮವಾರ ಟೀ ಹೊತ್ತಿಗೆ 'ತೊಂಬತ್ತರ ದಶಕದಂಥ ರೇಸು ಇನ್ನಿಲ್ಲ' ಎಂದು ಶುರು ಮಾಡುತ್ತಾರೆ. ನೀವೂ ಅದೇ ರಾಗ ಹಾಡಿದ್ದೀರಿ. ನಾನು ಡಾನಿಂಗ್ಟನ್ನಿಗೆ ಹೋಗಿ ಈಗಿನ ರೇಸು ನೋಡಿ ಬಂದೆ. ಕಾರುಗಳು ಬಾಗಿಲಿಗೆ ಬಾಗಿಲು ಉಜ್ಜಿಕೊಂಡು ಓಡುತ್ತವೆ, ಒಂದೇ ದಿನ ಮೂರು ರೇಸು, ಟಿಕೆಟ್ಟಿನ ದುಡ್ಡು ಪೂರ್ತಿ ವಸೂಲಿ. ನಿಮ್ಮ ಚಿನ್ನದ ಕಾಲವಾದರೋ 2000ದ ಹೊತ್ತಿಗೆ ಮೂರೇ ಕಂಪನಿಗಳೊಂದಿಗೆ ದಿವಾಳಿಯೆದ್ದಿತ್ತು. ಕಳೆದದ್ದೆಲ್ಲ ಚಿನ್ನ ಅನ್ನುವುದು ವಯಸ್ಸಿನ ಕಾಯಿಲೆಯಲ್ಲವೇ?"

ಪ್ರಿಯ ಮಿತ್ರರೇ,

ನಿಮ್ಮ ಪತ್ರ ಕೈಬರಹದಲ್ಲಿ ಬಂದಿದೆ. ನಾಲ್ಕು ಪುಟ, ನೀಲಿ ಇಂಕು, ಒಂದೇ ಒಂದು ಒತ್ತಕ್ಷರದ ತಪ್ಪಿಲ್ಲ. ನಮ್ಮ ಕಚೇರಿಯ ಬಾಗಿಲಲ್ಲಿ ಪತ್ರಗಳಿಗೆಂದೇ ಒಂದು ತಗಡಿನ ಡಬ್ಬಿ ಇತ್ತು. ಈಗ ಅದರಲ್ಲಿ ನಮ್ಮ ಹುಡುಗ ಛತ್ರಿ ಇಡುತ್ತಾನೆ. ಅದರೊಳಗೆ ನಿಮ್ಮ ಲಕೋಟೆ ಬಿದ್ದ ದಿನ ಇಡೀ ಕಚೇರಿ ಅದನ್ನು ತಿರುಗಿಸಿ ಮುರುಗಿಸಿ ನೋಡಿತು. ಹಳೆಯದನ್ನು ಹಂಬಲಿಸುವುದು ಕಾಯಿಲೆ ಎನ್ನುವ ಮನುಷ್ಯ ಪೆನ್ನು ಹಿಡಿದು ಕಾಗದ ಬರೆಯುತ್ತಾನೆ! ಈ ತಮಾಷೆ ನಿಮಗೆ ಹೊಳೆದಿಲ್ಲವೆಂದು ಕಾಣುತ್ತದೆ.

ನಿಮ್ಮ ಲೆಕ್ಕ ಸರಿಯಿದೆ. ಮೊದಲು ಅದನ್ನು ಒಪ್ಪಿ ಕೈ ತೊಳೆದುಕೊಂಡುಬಿಡುತ್ತೇನೆ. 2000ದಲ್ಲಿ ಉಳಿದದ್ದು ಫೋರ್ಡ್, ಹೋಂಡಾ, ವಾಕ್ಸ್‌ಹಾಲ್ ಮಾತ್ರ. ಕಾರ್ಖಾನೆಗಳು ಪೈಪೋಟಿಗೆ ಬಿದ್ದು ದುಡ್ಡು ಸುರಿದು, ಕೊನೆಗೆ ತಾವೇ ಬೆಚ್ಚಿ ಹಿಂದೆ ಸರಿದವು. ಚಿನ್ನದ ಚೂರಿಯೆಂದು ಕುತ್ತಿಗೆ ಕೊಯ್ದುಕೊಂಡ ಕಥೆ ಅದು. ಈಗಿನ ಚಾಲಕರೂ ಸಣ್ಣವರಲ್ಲ. ನಾಲ್ಕು ಸಲ ಚಾಂಪಿಯನ್ ಆದ ಆಶ್ ಸಟನ್ ಮಳೆಯಲ್ಲಿ ಕಾರು ಓಡಿಸುವುದನ್ನು ನಾನೂ ಬಾಯಿಬಿಟ್ಟುಕೊಂಡು ನೋಡಿದ್ದೇನೆ. ಒಪ್ಪಿದೆ. ಆಯಿತಲ್ಲ?

ಇನ್ನು ನನ್ನ ಮಾತು. ನಿಮ್ಮ ಹಿರಿಯ ಸಹೋದ್ಯೋಗಿ ಕೊರಗುವುದು ವೇಗಕ್ಕೆ, ಪೈಪೋಟಿಗೆ ಎಂದು ನೀವು ತಿಳಿದಂತಿದೆ. ಅವರು ಕೊರಗುವುದು ಬೇರೆಯದಕ್ಕೆ. ಅದನ್ನು ನನಗೆ ತಿಳಿಸಿಕೊಟ್ಟವರು ಬರ್ಮಿಂಗ್‌ಹ್ಯಾಮಿನ ರೇಸು ಪಂಡಿತರಲ್ಲ, ಬೆಂಗಳೂರು ಜೆ.ಸಿ. ರಸ್ತೆಯ ಓಣಿಯೊಂದರ ಮೆಕ್ಯಾನಿಕ್. ಅವರ ಕಥೆಗೆ ಬರುತ್ತೇನೆ. ಅದಕ್ಕೆ ಮೊದಲು ಭಾವನವರ ಕ್ಯಾಸೆಟ್ಟು.

ನನ್ನ ಅಕ್ಕನ ಗಂಡ ಬರ್ಮಿಂಗ್‌ಹ್ಯಾಮಿನ ಆಸ್ಪತ್ರೆಯೊಂದರಲ್ಲಿ ಡಾಕ್ಟರಾಗಿದ್ದರು. ಅಲ್ಲಿಂದ ಯಾರೇ ಊರಿಗೆ ಹೊರಟರೂ ಅವರ ಕೈಯಲ್ಲಿ ಒಂದು ವಿಡಿಯೋ ಕ್ಯಾಸೆಟ್ ಕೊಟ್ಟು ಕಳಿಸುತ್ತಿದ್ದರು. ಬಿಬಿಸಿಯ ಗ್ರ್ಯಾಂಡ್‌ಸ್ಟ್ಯಾಂಡ್ ಕಾರ್ಯಕ್ರಮದಿಂದ ರೆಕಾರ್ಡ್ ಮಾಡಿದ ಟೂರಿಂಗ್ ಕಾರ್ ರೇಸು. ಪುಣ್ಯಕ್ಕೆ ಆ ದೇಶದ್ದೂ ನಮ್ಮದೂ ಒಂದೇ ಪಾಲ್ ಪದ್ಧತಿ; ಅಮೆರಿಕದಿಂದ ಬಂದ ಕ್ಯಾಸೆಟ್ಟಿನ ಹಾಗೆ ಪರದೆ ತುಂಬ ಗೆರೆ ಕುಣಿಯುತ್ತಿರಲಿಲ್ಲ. ಕ್ಯಾಸೆಟ್ಟಿನ ಬೆನ್ನಿಗೆ 'ರೇಸ್, ಅಳಿಸಬೇಡ' ಎಂದು ಅವರ ಡಾಕ್ಟರ್ ಲಿಪಿಯಲ್ಲಿ ಬರೆದಿರುತ್ತಿತ್ತು. ಕೊನೆಯ ಹತ್ತು ನಿಮಿಷ ಅಕ್ಕನ ಮಗಳ ಹುಟ್ಟುಹಬ್ಬ. ಮರ್ರಿ ವಾಕರ್ ಅವರ ಅಬ್ಬರದ ವೀಕ್ಷಕ ವಿವರಣೆ ಮುಗಿದ ಉಸಿರಿಗೆ ಅಕ್ಕನ ಆರತಿ ಹಾಡು.

ಹಾಗೆ ನೋಡಿದ್ದೇ 1992ರ ಸಿಲ್ವರ್‌ಸ್ಟೋನ್. ವರ್ಷದ ಕೊನೆಯ ರೇಸು. ಮೂವರಲ್ಲಿ ಯಾರು ಬೇಕಾದರೂ ಚಾಂಪಿಯನ್ ಆಗಬಹುದು: ವಾಕ್ಸ್‌ಹಾಲ್ ಕ್ಯಾವಲಿಯರ್‌ನಲ್ಲಿ ಜಾನ್ ಕ್ಲೀಲ್ಯಾಂಡ್, ಟೊಯೋಟಾ ಕರೀನಾದಲ್ಲಿ ವಿಲ್ ಹಾಯ್, ಬಿಎಂಡಬ್ಲ್ಯು 318ರಲ್ಲಿ ಟಿಮ್ ಹಾರ್ವೆ. ನಡುವೆ ಹಾರ್ವೆಯ ಜೊತೆಗಾರ ಸ್ಟೀವ್ ಸೋಪರ್. ಕೊನೆಯ ಸುತ್ತುಗಳಲ್ಲಿ ಕ್ಲೀಲ್ಯಾಂಡ್ ಸೋಪರ್‌ನ ಪಕ್ಕಕ್ಕೆ ನುಗ್ಗಿದ, ಕಾರು ಎರಡು ಚಕ್ರದ ಮೇಲೆದ್ದಿತು. ಒಳಗಿನ ಕ್ಯಾಮೆರಾದಲ್ಲಿ ಕಾಣುವಂತೆಯೇ ಸೋಪರ್‌ಗೆ ಬೆರಳು ತೋರಿಸಿದ. ಯಾವ ಬೆರಳೆಂದು ಕುಟುಂಬದ ಪತ್ರಿಕೆಯಲ್ಲಿ ಬರೆಯಲಾರೆ. ಮುಂದಿನ ತಿರುವಿನಲ್ಲಿ ಸೋಪರ್ ಒಳಗೆ ನುಗ್ಗಿದ, ಇಬ್ಬರೂ ಹೊರಗೆ, ಹಾರ್ವೆ ಚಾಂಪಿಯನ್. ಮೂವತ್ತು ವರ್ಷ ದಾಟಿದರೂ ತಪ್ಪು ಯಾರದೆಂದು ಆ ದೇಶದಲ್ಲಿ ಜಗಳ ಮುಗಿದಿಲ್ಲ. ನನ್ನ ಓಟು ಕ್ಲೀಲ್ಯಾಂಡ್‌ಗೆ. ಅವನು ಸ್ಕಾಟ್ಲೆಂಡಿನ ಕಾರು ವ್ಯಾಪಾರಿ. ಭಾನುವಾರ ಗುದ್ದಾಡಿ ಸೋಮವಾರ ಗಿರಾಕಿಗೆ ಕಾರಿನ ಗುಣಗಾನ ಮಾಡುವವನು.

ಮೆಕ್ಯಾನಿಕ್ ವಿಷಯ. ನಮ್ಮ ತಂದೆಯವರ ಪದ್ಮಿನಿ ಕಾರನ್ನು ಅವರೇ ನೋಡಿಕೊಳ್ಳುತ್ತಿದ್ದದ್ದು. ಉದ್ದನೆಯ ಸ್ಕ್ರೂಡ್ರೈವರ್ ತುದಿಯನ್ನು ಎಂಜಿನ್ ಮೇಲಿಟ್ಟು, ಹಿಡಿಯನ್ನು ಕಿವಿಗೊತ್ತಿ, ಕಣ್ಣು ಮುಚ್ಚಿ ಯಾವ ಟಪೆಟ್ ಸಡಿಲವಾಗಿದೆಯೆಂದು ಹೇಳುತ್ತಿದ್ದರು. ನಾನು ಕಾಲೇಜಿನಲ್ಲಿದ್ದಾಗ ಅವರ ಜೊತೆ ರಾತ್ರಿ ರೈಲು ಹತ್ತಿ ಮದ್ರಾಸಿಗೆ ಹೋಗಿ, ಶೋಲಾವರಂನ ಹಳೆಯ ವಿಮಾನಪಟ್ಟಿಯ ಮೇಲೆ ನಡೆಯುತ್ತಿದ್ದ ರೇಸು ನೋಡಿ ಬಂದೆ. ವಿದೇಶದ ರೇಸು ಕಾರು ಬಂದಾಗ ಜನ ಎದ್ದು ನಿಂತರು. ನಮ್ಮ ಮೆಕ್ಯಾನಿಕ್ ಬೀಡಿ ಹಚ್ಚಿದರು. ಫಿಯೆಟ್ಟುಗಳು ಬಂದವು ನೋಡಿ, ಬೀಡಿ ಬಿಸಾಡಿ ಹಗ್ಗದ ಹತ್ತಿರ ಓಡಿದರು. ಮನೆಗಳ ಮುಂದೆ ನಿಲ್ಲುವ ಅದೇ ಡಬ್ಬಿ, ಬಂಪರ್ ಕಿತ್ತು, ಒಂದು ಚಕ್ರ ಎತ್ತಿಕೊಂಡು ತಿರುವು ತೆಗೆದುಕೊಳ್ಳುವುದು! ಅವರ ಮುಖದ ಮೇಲೆ ಆ ದಿನ ಇದ್ದದ್ದು ಹೆಮ್ಮೆ, ಮಗ ಪಾಸಾದಾಗ ತಂದೆಗೆ ಆಗುತ್ತದಲ್ಲ, ಅದು.

ಎಷ್ಟೋ ವರ್ಷ ಆದಮೇಲೆ ಭಾವನವರ ಕ್ಯಾಸೆಟ್ಟು ತೋರಿಸಲು ಅವರನ್ನು ಮನೆಗೆ ಕರೆದೆ. ಸಿಲ್ವರ್‌ಸ್ಟೋನ್ ಪೂರ್ತಿ ನೋಡಿದರು. ಬೆರಳಿಗೂ ನಗಲಿಲ್ಲ. ಕೊನೆಗೆ ಒಂದೇ ಪ್ರಶ್ನೆ: "ಈ ಕಾರು ಅಂಗಡೀಲಿ ಸಿಗತ್ತಾ ಸಾರ್?" ಸಿಗುತ್ತದೆ, ಅಲ್ಲಿ ಮೇಷ್ಟರೂ ಗುಮಾಸ್ತರೂ ಇದನ್ನೇ ಓಡಿಸುತ್ತಾರೆ ಎಂದೆ. "ಹಂಗಾದ್ರೆ ಸರಿ" ಎಂದು ಕಾಫಿ ಲೋಟ ಕೆಳಗಿಟ್ಟರು.

ಮಿತ್ರರೇ, 1991ರಿಂದ ಬ್ರಿಟನ್ನಿನವರು ಮಾಡಿದ್ದು ಈ ಪ್ರಶ್ನೆಗೆ ಉತ್ತರವನ್ನೇ. ಅದಕ್ಕೆ ಮೊದಲು ಒಂದೇ ರೇಸಿನಲ್ಲಿ ಹಲವು ದರ್ಜೆಯ ಕಾರುಗಳು ಓಡುತ್ತಿದ್ದವು. 1989ರಲ್ಲಿ ಇದೇ ಕ್ಲೀಲ್ಯಾಂಡ್ ಸಣ್ಣ ದರ್ಜೆಯ ಆಸ್ಟ್ರಾದಲ್ಲಿ ಇಡೀ ಚಾಂಪಿಯನ್‌ಶಿಪ್ ಗೆದ್ದ. ಅಂಕ ಕೊಡುತ್ತಿದ್ದದ್ದು ಆಯಾ ದರ್ಜೆಯೊಳಗಿನ ಸ್ಥಾನಕ್ಕೆ; ಹಾಗಾಗಿ ಮುಂದೆ ಓಡುತ್ತಿದ್ದದ್ದು ಫೋರ್ಡಿನ ದೈತ್ಯ ಸಿಯೆರಾಗಳು, ಅಂಕ ಸೇರುತ್ತಿದ್ದದ್ದು ಹಿಂದಿನವನ ಖಾತೆಗೆ. ನೋಡುವವರ ಕೈಯಲ್ಲಿ ಮಗ್ಗಿ ಪುಸ್ತಕ ಇರಬೇಕಿತ್ತು. 1991ರಲ್ಲಿ ಅದನ್ನೆಲ್ಲ ಗುಡಿಸಿ ಹಾಕಿ ಒಂದೇ ದರ್ಜೆ ಉಳಿಸಿಕೊಂಡರು: ಎರಡು ಲೀಟರ್ ಎಂಜಿನ್, ಟರ್ಬೊ ಇಲ್ಲ, ನಿಮಿಷಕ್ಕೆ 8,500 ಸುತ್ತಿನ ಮಿತಿ. ಮುಂದಿರುವವನೇ ಮುಂದೆ. 1994ರ ಹೊತ್ತಿಗೆ ಆಲ್ಫಾ ರೋಮಿಯೊ, ಬಿಎಂಡಬ್ಲ್ಯು, ಫೋರ್ಡ್, ವಾಕ್ಸ್‌ಹಾಲ್, ರೆನೋ, ಟೊಯೋಟಾ, ನಿಸಾನ್, ಪೂಜೊ, ಮಾಜ್ದಾ, ವೋಲ್ವೊ, ಹತ್ತು ಹೆಸರುಗಳು ಒಂದೇ ಗೆರೆಯ ಹಿಂದೆ ನಿಂತವು. ನೋಡಲು ಬಂದವನು ಪಾರ್ಕಿಂಗಿನಲ್ಲಿ ಬಿಟ್ಟು ಬಂದ ಕಾರಿನ ಅಣ್ಣನೋ ತಮ್ಮನೋ ಒಳಗೆ ಓಡುತ್ತಿರುತ್ತಿತ್ತು.

ಆ ವರ್ಷದ ಎರಡು ಕಥೆ ಹೇಳದಿದ್ದರೆ ನನಗೆ ನಿದ್ದೆ ಬರುವುದಿಲ್ಲ. ಕಾರಿನ ಹಿಂದಿನ ಪೆಟ್ಟಿಗೆಗೂ ಡಿಕ್ಕಿ, ಗುದ್ದುವುದಕ್ಕೂ ಡಿಕ್ಕಿ ಎನ್ನುವ ಕನ್ನಡದ ಮಟ್ಟಿಗೆ ಟೂರಿಂಗ್ ಕಾರಿನ ಚರಿತ್ರೆ ಎಂದರೆ ಎರಡು ಡಿಕ್ಕಿಗಳ ಚರಿತ್ರೆ. ಗುದ್ದಿದ್ದು ಹೇಳಿದೆ. ಇನ್ನು ಪೆಟ್ಟಿಗೆ. ಆಲ್ಫಾದವರು 155 ಮಾದರಿಗೆ ಹಿಂಬದಿ ರೆಕ್ಕೆ ಬೇಕೆಂದುಕೊಂಡರು. ಮಾರಿದ ಕಾರಿನಲ್ಲಿ ಇಲ್ಲದ್ದನ್ನು ರೇಸಿನಲ್ಲಿ ಕಟ್ಟುವ ಹಾಗಿಲ್ಲ. ಅದಕ್ಕೇ 2,500 ಕಾರು ಮಾಡಿ, ರೆಕ್ಕೆಯನ್ನು ಎತ್ತರಿಸುವ ಬಿಡಿಭಾಗಗಳನ್ನು ಡಿಕ್ಕಿಯೊಳಗೆ ಇಟ್ಟು ಮಾರಿದರು. ಬೇಕಾದವರು ಹಾಕಿಕೊಳ್ಳಿ ಎಂದರು. ಅವರ ಚಾಲಕ ಗಾಬ್ರಿಯೇಲೆ ತಾರ್ಕ್ವೀನಿ ಮೊದಲ ಐದೂ ರೇಸು ಗೆದ್ದ. ಉಳಿದವರು ಬೊಬ್ಬೆ ಹೊಡೆದರು. ರೆಕ್ಕೆ ಇಳಿಸಿ ಎಂದಾಗ ಆಲ್ಫಾದವರು ಔಲ್ಟನ್ ಪಾರ್ಕಿನಿಂದ ಗಂಟುಮೂಟೆ ಕಟ್ಟಿ ಮನೆಗೆ ಹೋದರು. ಆಮೇಲೆ ರಾಜಿಯಾಗಿ ಮರಳಿ ಬಂದರು, ಚಾಂಪಿಯನ್ ತಾರ್ಕ್ವೀನಿಯೇ. ಇಂಥ ಕಿಲಾಡಿತನ ನಮ್ಮ ಹಳ್ಳಿ ಪಂಚಾಯ್ತಿಯಲ್ಲಿ ನಡೆದಿದ್ದರೆ ಅದರ ಮೇಲೆ ಒಂದು ಗಾದೆಯೇ ಹುಟ್ಟಿರುತ್ತಿತ್ತು.

ಇನ್ನೊಂದು ವೋಲ್ವೊ 850. ಅವರು ರೇಸಿಗೆ ತಂದದ್ದು ಸೆಡಾನ್ ಅಲ್ಲ, ಹಿಂದೆ ಉದ್ದಕ್ಕೆ ಪೆಟ್ಟಿಗೆಯಿರುವ ಎಸ್ಟೇಟ್. ಸಂಸಾರಸ್ಥರು ಸಾಮಾನು, ಮಕ್ಕಳು, ನಾಯಿ ತುಂಬಿಕೊಂಡು ಹೋಗುವ ಗಾಡಿ. ಎಲ್ಲರೂ ನಕ್ಕರು. ನಗುವವರಿಗೆ ಉತ್ತರವಾಗಿ ವೋಲ್ವೊದವರು ಒಮ್ಮೆ ಮೆರವಣಿಗೆಯ ಸುತ್ತಿನಲ್ಲಿ ಹಿಂದೆ ಒಂದು ದೊಡ್ಡ ಗೊಂಬೆ ನಾಯಿಯನ್ನು ಕೂರಿಸಿಕೊಂಡು ಹೋದರು. ರಿಕಾರ್ಡ್ ರೀಡೆಲ್, ಯಾನ್ ಲ್ಯಾಮರ್ಸ್ ಓಡಿಸಿದ ಆ ಗಾಡಿ ಐದನೇ ಸ್ಥಾನದಿಂದ ಮೇಲೇರಲಿಲ್ಲ. ಆದರೂ ಅದರ ಆಟಿಕೆ ಇವತ್ತಿಗೂ ಮಾರಾಟವಾಗುತ್ತದೆ. ರೀಡೆಲ್ 1998ರಲ್ಲಿ ಎಸ್40 ಸೆಡಾನ್‌ನಲ್ಲಿ ಚಾಂಪಿಯನ್ನೇ ಆದ. ಅದರ ನೆನಪು ಎಷ್ಟು ಜನಕ್ಕಿದೆ ಹೇಳಿ.

ನೀವು ಎಂಜಿನಿಯರು, ಈಗ ನನ್ನ ಬಾಯಿ ಮುಚ್ಚಿಸಲು ಕಾದಿರುತ್ತೀರಿ: ಆ ಕಾರುಗಳಲ್ಲಿ ಅಂಗಡಿಯದು ಉಳಿದದ್ದೇನು, ಕೊನೆಕೊನೆಗೆ ಎಂಜಿನ್ನನ್ನೇ ಕೆಳಕ್ಕೂ ಹಿಂದಕ್ಕೂ ತಳ್ಳಿ ಕೂರಿಸುತ್ತಿರಲಿಲ್ಲವೇ ಎಂದು. ಕೂರಿಸುತ್ತಿದ್ದರು. ರೆನೋ ಲಗೂನಾ ಕಟ್ಟಿದ್ದು ಫಾರ್ಮುಲಾ ಒನ್ನಿನ ವಿಲಿಯಮ್ಸ್‌ನವರೇ. 1997ರಲ್ಲಿ ಅಲೆನ್ ಮೆನು ಅದರಲ್ಲಿ 24 ರೇಸಿಗೆ 12 ಗೆದ್ದ. ನಿಮ್ಮ ಪಕ್ಷಕ್ಕೆ ನಾನೇ ಇನ್ನೊಂದು ಅಸ್ತ್ರ ಕೊಡುತ್ತೇನೆ. ಸ್ವಂತ ದುಡ್ಡಿನ ತಂಡ ಕಾರ್ಖಾನೆಯವರನ್ನು ಸೋಲಿಸುವುದು ಎಷ್ಟು ಅಪರೂಪವಾಗಿತ್ತೆಂದರೆ, ಗೆದ್ದವರಿಗೆ 2,50,000 ಪೌಂಡ್ ಎಂದು ಸಂಘಟಕರು ಬಹುಮಾನವನ್ನೇ ಕಟ್ಟಿದ್ದರು. 1999ರಲ್ಲಿ ಡಾನಿಂಗ್ಟನ್ನಿನಲ್ಲಿ ಮ್ಯಾಟ್ ನೀಲ್ ನಿಸಾನ್ ಪ್ರಿಮೆರಾದಲ್ಲಿ ಅದನ್ನು ಗೆದ್ದ, ಅಪ್ಪ ಮಗ ಸೇರಿ ನಡೆಸುತ್ತಿದ್ದ ತಂಡ. ಇಂಥ ಬಹುಮಾನ ಇಡಬೇಕಾಗಿ ಬಂದದ್ದೇ ರೋಗದ ಲಕ್ಷಣ ಎನ್ನುತ್ತೀರಿ. ಎನ್ನಿ. ಆದರೆ ಆ ದಿನ ಬೇಲಿಯಾಚೆ ನಿಂತಿದ್ದವನಿಗೆ ಕೇಳಿ ನೋಡಿ, ರೋಗ ಅನ್ನುತ್ತಾನೋ ಜಾತ್ರೆ ಅನ್ನುತ್ತಾನೋ.

ಈಗಿನ ಪದ್ಧತಿ ಮಿತವ್ಯಯದ್ದು, ನಿಜ. 2011ರಿಂದ ಬಂದ ನಿಯಮದಲ್ಲಿ ಗೇರ್‌ಬಾಕ್ಸು, ಸಸ್ಪೆನ್ಷನ್ನು, ಮುಂದಿನ ಹಿಂದಿನ ಚೌಕಟ್ಟು ಎಲ್ಲರಿಗೂ ಒಂದೇ. ಹೊದಿಕೆ ಹ್ಯುಂಡೈಯದೋ ಬಿಎಂಡಬ್ಲ್ಯುವಿನದೋ, ಮೂಳೆ ಒಬ್ಬರದೇ. ಹೋಟೆಲಿನಲ್ಲಿ ಇಡ್ಲಿಗೂ ದೋಸೆಗೂ ವಡೆಗೂ ಒಂದೇ ಕೊಳಗದಿಂದ ಸಾಂಬಾರು ಸುರಿದ ಹಾಗೆ. ಸಾಲದ್ದಕ್ಕೆ ಮೂರನೇ ರೇಸಿನಲ್ಲಿ ಚೆನ್ನಾಗಿ ಓಡಿದವರನ್ನು ಹಿಂದಕ್ಕೆ ಕಳಿಸಿ ಸಾಲು ತಿರುಗಿಸುತ್ತಾರೆ; ಎಷ್ಟು ಜನರನ್ನು ತಿರುಗಿಸಬೇಕೆಂದು ಲಾಟರಿ ಎತ್ತುತ್ತಾರೆ. ಲಾಟರಿಯಲ್ಲಿ ನನಗೆ ನಂಬಿಕೆ ಇಲ್ಲ. ಈ ಚಾಂಪಿಯನ್‌ಶಿಪ್ ಹುಟ್ಟಿದ 1958ರಲ್ಲಿ ಇಬ್ಬರ ಅಂಕ ಸಮವಾದಾಗ ನಾಣ್ಯ ಚಿಮ್ಮೋಣವೆಂದು ಯಾರೋ ಅಂದರಂತೆ. ನಾರ್ಫೋಕ್‌ನ ರೈತ ಜ್ಯಾಕ್ ಸಿಯರ್ಸ್, ಅವನೆದುರು ಟಾಮಿ ಸೋಪ್ವಿತ್, ಇಬ್ಬರೂ ಒಲ್ಲೆ ಎಂದರು. ಬ್ರ್ಯಾಂಡ್ಸ್ ಹ್ಯಾಚಿನ ಮಳೆಯಲ್ಲಿ ಒಂದೇ ಥರದ ಎರಡು ರೈಲಿ ಕಾರು ತಂದು, ಐದು ಸುತ್ತು ಓಡಿಸಿ, ಕಾರು ಅದಲುಬದಲು ಮಾಡಿಕೊಂಡು ಮತ್ತೆ ಐದು ಸುತ್ತು ಓಡಿಸಿದರು. ಸಿಯರ್ಸ್ ಗೆದ್ದದ್ದು 1.6 ಸೆಕೆಂಡಿನಿಂದ.

ಆದರೆ ನಿಜವಾದ ಕಳವು ರೇಸಿನ ಮೈದಾನದಲ್ಲಿ ಆದದ್ದಲ್ಲ. ಫೋರ್ಡಿನ ಮೊಂಡಿಯೊ ಈಗ ಎಲ್ಲಿದೆ? 2022ರಲ್ಲಿ ಯುರೋಪಿನಲ್ಲಿ ಅದರ ತಯಾರಿಕೆಯೇ ನಿಂತಿತು. ಲಗೂನಾ, ಪ್ರಿಮೆರಾ, ವಾಕ್ಸ್‌ಹಾಲಿನ ವೆಕ್ಟ್ರಾ ಎಲ್ಲ ಮೊದಲೇ ಹೋದವು. ಮಧ್ಯಮ ವರ್ಗದವನ ನಾಲ್ಕು ಬಾಗಿಲಿನ ಕಾರೇ ಹೋದಮೇಲೆ ಅದರ ರೇಸು ಎಲ್ಲಿಂದ ಬರಬೇಕು? ನಮ್ಮ ಬೀದಿಯಲ್ಲೂ ಅಷ್ಟೆ. ಹತ್ತಲು ಏಣಿ ಬೇಕಾಗುವ ಗಾಡಿಗಳು, ಒಳಗೆ ಒಬ್ಬನೇ ಮನುಷ್ಯ, ಸಿಲ್ಕ್ ಬೋರ್ಡಿನಲ್ಲಿ ಒಂದೂವರೆ ತಾಸು ನಿಂತು ಹೊಗೆ ಕುಡಿಯುತ್ತಾನೆ. ಕಳೆದ ತಿಂಗಳು ನನ್ನ ಕಾರು ಕೆಮ್ಮಿತೆಂದು ಸರ್ವಿಸ್ ಸೆಂಟರಿಗೆ ಒಯ್ದೆ. ಹುಡುಗ ಬಾನೆಟ್ ಎತ್ತಲೇ ಇಲ್ಲ. ಲ್ಯಾಪ್‌ಟಾಪಿನ ವೈರು ಚುಚ್ಚಿ, "ಎರರ್ ಏನೂ ತೋರಿಸ್ತಿಲ್ಲ, ಗಾಡಿ ಸರಿಯಾಗಿದೆ ಸರ್" ಎಂದ. ಕಾರು ಅವನೆದುರಿಗೇ ಕೆಮ್ಮಿತು. ಅವನು ಮತ್ತೊಮ್ಮೆ ಲ್ಯಾಪ್‌ಟಾಪು ನೋಡಿದ. ಜೆ.ಸಿ. ರಸ್ತೆಯ ಆ ಕಿವಿ ಈಗಿಲ್ಲ, ತೀರಿಕೊಂಡು ಹನ್ನೊಂದು ವರ್ಷವಾಯಿತು. ಅವರ ಮಗ ಆ್ಯಪಿನ ಟ್ಯಾಕ್ಸಿ ಓಡಿಸುತ್ತಾನೆ.

ನಿಮ್ಮ ಹಿರಿಯರನ್ನು ಕಾಯಿಲೆಯವರೆಂದಿರಿ. 2023ರಿಂದ ಬ್ರ್ಯಾಂಡ್ಸ್ ಹ್ಯಾಚಿನಲ್ಲಿ ಆ ಕಾಲದ ಕಾರುಗಳದ್ದೇ ಒಂದು ಕೂಟ ನಡೆಯುತ್ತಿದೆ. ಖಾಸಗಿಯವರು ಬಿಡಿಭಾಗ ಹುಡುಕಿ, ಕೈಗೆ ಗ್ರೀಸ್ ಮಾಡಿಕೊಂಡು ಉಳಿಸಿಕೊಂಡ ಕಾರುಗಳು. ಒಮ್ಮೆ ಅವರ ಜೊತೆ ಹೋಗಿ ಬನ್ನಿ. ಟಿಕೆಟ್ಟು ನೀವೇ ತೆಗೆಯಿರಿ. ಸೋಮವಾರದ ಟೀಗೆ ಇಷ್ಟು ದಿನ ಮುಖ ಸಿಂಡರಿಸಿದ್ದಕ್ಕೆ ಅದು ದಂಡ.

ಹೋದಾಗ ನನಗೊಂದು ಉಪಕಾರ ಮಾಡಿ. ನಮ್ಮ ಭಾವನವರಿಗೆ ಈಗ ಎಪ್ಪತ್ತೆಂಟು. ವೋಲ್ವೊದಲ್ಲಿ ಕೂತಿದ್ದದ್ದು ಗೊಂಬೆಯೆಂದು ನಾನು ಎಷ್ಟು ಹೇಳಿದರೂ ಒಪ್ಪುವುದಿಲ್ಲ. ಅದು ನಿಜವಾದ ನಾಯಿ, ತಿರುವಿನಲ್ಲಿ ಕಿವಿ ಅಲ್ಲಾಡಿದ್ದನ್ನು ಕಣ್ಣಾರೆ ಕಂಡಿದ್ದೇನೆ ಎನ್ನುತ್ತಾರೆ. ಹೋದ ಯುಗಾದಿಗೆ ಇದೇ ಮಾತಿಗೆ ಬೇವು ಬೆಲ್ಲ ಬಾಯಲ್ಲಿದ್ದಾಗಲೇ ಫೋನು ಇಟ್ಟುಬಿಟ್ಟರು. ನಿಮ್ಮ ಹಿರಿಯರಿಗೆ ವಿಷಯ ಗೊತ್ತಿದ್ದೇ ಇರುತ್ತದೆ. ಅವರ ಕೈಯಲ್ಲಿ ಎರಡು ಸಾಲು ಬರೆಸಿ, ಸಹಿ ಹಾಕಿಸಿ ಕಳಿಸಿ. ಇಂಗ್ಲಿಷಿನಲ್ಲಿದ್ದರೂ ಆದೀತು, ಈ ಒಂದು ಸಲ. ಛತ್ರಿ ತೆಗೆಸಿ ಡಬ್ಬಿ ಖಾಲಿ ಇಟ್ಟಿರುತ್ತೇನೆ.

ಸಂಪಾದಕ