ಮಗುವಿಗೆ ಕೈಯಲ್ಲೇ ಹೊಲಿದು ಕಸೂತಿ ಹಾಕಿದ ಬಟ್ಟೆ ಮುಂದಿನ ತಲೆಮಾರಿಗೂ ಉಳಿಯಬೇಕಾದರೆ ಏನು ಮಾಡಬೇಕು?

ನಿಮ್ಮ ಪ್ರಶ್ನೆ ಓದಿ ತುಂಬಾ ಖುಷಿಯಾಯಿತು. ತಂಗಿಗೆ ಈಗ ಏಳು ತಿಂಗಳು, ಹುಟ್ಟುವ ಮಗುವಿಗೆ ಅಂಗಿ, ಕುಲಾಯಿ (ಟೋಪಿ), ಕುಂಚಿಗೆ ಎಲ್ಲಾ ನೀವೇ ಹೊಲಿದು ಕಸೂತಿ ಹಾಕಬೇಕು, ಮುಂದೆ ಆ ಮಗುವಿನ ಮಗುವೂ ಅದನ್ನು ತೊಡಬೇಕು ಅಂತ ಬರೆದಿದ್ದೀರಿ. ಬಟ್ಟೆ ಯಾವುದು, ದಾರ ಯಾವುದು, ಎಂಥ ಹೊಲಿಗೆ ಅಂತ ಕೇಳಿದ್ದೀರಿ. ನೀವು ಗಂಗಾವತಿಯವರು. ನಾನು ಬಳ್ಳಾರಿಯಲ್ಲಿದ್ದೇನೆ, ತವರು ಕೊಪ್ಪಳದ ಕಡೆ. ನಮ್ಮ ಬಿಸಿಲು, ಧೂಳು, ಬೋರಿನ ನೀರು ಇವನ್ನೆಲ್ಲಾ ಲೆಕ್ಕಕ್ಕೆ ಹಿಡಿದೇ ಹೇಳುತ್ತೇನೆ.

ಸಾಮಾನ್ಯವಾಗಿ ಎಲ್ಲರೂ ಮೊದಲು ಡಿಸೈನ್ ಕೇಳುತ್ತಾರೆ. ನಾನು ಮಕ್ಕಳ ಬಟ್ಟೆ ಕೈಗೆ ಬಂದರೆ ಮೊದಲು ತಿರುವಿ ಒಳಗಡೆ ನೋಡುತ್ತೇನೆ. ನಾವು ನೋಡಿ ಮೆಚ್ಚುವುದು ಕಸೂತಿಯ ಮುಂಭಾಗ, ಕೂಸಿನ ಮೈಗೆ ತಾಗುವುದು ಅದರ ಹಿಂಭಾಗ. ಗಂಟು, ಜೋತು ಬಿಟ್ಟ ಎಳೆ, ಕತ್ತರಿಸಿದ ಅಂಚು ಎಲ್ಲಾ ಅಲ್ಲೇ ಇರುತ್ತವೆ. ಬಟ್ಟೆ ಹಾಳಾಗುವುದೂ ಅಲ್ಲಿಂದಲೇ ಶುರುವಾಗುತ್ತದೆ. ಅಂಚು ಎಳೆ ಬಿಡುತ್ತದೆ, ಗಂಟು ಸಡಿಲವಾಗುತ್ತದೆ, ನಾಲ್ಕು ಸಲ ಒಗೆಯುವಷ್ಟರಲ್ಲಿ ಹೊಲಿಗೆ ಬಾಯಿ ಬಿಡುತ್ತದೆ. ಒಳಮೈ ಹಸನಾಗಿದ್ದರೆ ಕೂಸಿಗೂ ಹಿತ, ಬಟ್ಟೆಗೂ ಆಯುಷ್ಯ. ಬಟ್ಟೆ, ಹೊಲಿಗೆ, ದಾರ ಎಲ್ಲವನ್ನೂ ನಾನು ಇದೇ ಲೆಕ್ಕದಲ್ಲಿ ಆರಿಸುತ್ತೇನೆ.

ಮೊದಲು ಯಾವುದನ್ನು ಹೊಲಿಯಬೇಕು ಅನ್ನುವುದು. ನನ್ನನ್ನು ಕೇಳಿದರೆ ನಿಮ್ಮ ಕಸೂತಿಯೆಲ್ಲಾ ಕುಂಚಿಗೆಗೆ ಇಡಿ. ಜಬಲಾ, ಅಂದರೆ ಕೂಸಿನ ಅಂಗಿ, ಎರಡು ಮೂರು ತಿಂಗಳಲ್ಲಿ ಗಿಡ್ಡವಾಗುತ್ತದೆ. ಹಾಲು ಕಕ್ಕುವುದು, ಉಚ್ಚೆ, ಎಣ್ಣೆ ಎಲ್ಲಾ ಬೀಳುವುದು ಅದರ ಮೇಲೆ. ದಿನಾ ಒಗೆಯಬೇಕು. ಕುಂಚಿಗೆ ಹಾಗಲ್ಲ. ತಲೆ ಮುಚ್ಚಿ ಬೆನ್ನಿನ ಮೇಲೆ ಇಳಿಬೀಳುವ ಬಟ್ಟೆ ಅದು. ಮೈಗೆ ಬಿಗಿಯಾಗಿ ಕೂರಬೇಕಾಗಿಲ್ಲ, ಹೀಗಾಗಿ ಅಳತೆಯ ತೊಂದರೆ ಕಡಿಮೆ. ತೊಟ್ಟಿಲ ಕಾರ್ಯಕ್ಕೆ ಹಾಕಿದ್ದನ್ನೇ ತಿಂಗಳುಗಟ್ಟಲೆ ಹಾಕಬಹುದು. ನಮ್ಮ ಮನೆಯಲ್ಲಿ ಅಜ್ಜಿಯ ಕಾಲದ ಒಂದು ಕುಂಚಿಗೆ ಇದೆ. ಹೊರಗೆ ಗುಳೇದಗುಡ್ಡದ ಖಣ, ಒಳಗೆ ಮೆತ್ತನೆಯ ಹತ್ತಿ. ಅಂಚಿನ ಜರಿ ಕಪ್ಪಾಗಿದೆ. ಒಳಗಿನ ಹತ್ತಿ ಮಾತ್ರ ಇವತ್ತಿಗೂ ಹಾಗೇ ಇದೆ. ಅದರ ಜೊತೆ ಹೊಲಿದಿದ್ದರಂತೆ ಅಂಗಿಗಳು, ಒಂದೂ ಉಳಿದಿಲ್ಲ.

ಜಬಲಾಗಳನ್ನು ಸಾದಾ ಹೊಲಿಯಿರಿ, ಕುತ್ತಿಗೆಯ ಕೆಳಗೆ ಒಂದು ಸಣ್ಣ ಹೂವಿದ್ದರೆ ಸಾಕು.

ಇನ್ನು ಬಟ್ಟೆ. ಮೈಗೆ ತಾಗುವ ಕಡೆ ಬಿಳಿ ಅಥವಾ ತಿಳಿ ಬಣ್ಣದ ಮಲ್ ಬಟ್ಟೆಯನ್ನೇ (ತೆಳುವಾದ, ಮೆತ್ತನೆಯ ಹತ್ತಿ) ತಗೊಳ್ಳಿ. ಕಸೂತಿ ಜಾಸ್ತಿ ಇರುವ ಕಡೆ ಕೇಂಬ್ರಿಕ್ (ಒತ್ತಾಗಿ ನೇಯ್ದ ಹತ್ತಿ ಬಟ್ಟೆ) ನಡೆಯುತ್ತದೆ, ಅದು ದಾರದ ಭಾರ ತಡೆಯುತ್ತದೆ. ಪಾಲಿಯೆಸ್ಟರ್ ಬೆರೆತ ಬಟ್ಟೆ ಬೇಡವೇ ಬೇಡ. ನಮ್ಮ ಬೇಸಿಗೆಯಲ್ಲಿ 40 ಡಿಗ್ರಿ ದಾಟಿದಾಗ ದೊಡ್ಡವರಿಗೇ ಬೆವರುಸಾಲೆ ಏಳುತ್ತದೆ, ಕೂಸಿನ ಗತಿ ಏನು? ಮನೆಯಲ್ಲಿ ನಿಮ್ಮ ತಾಯಿಯ ಅಥವಾ ಅಜ್ಜಿಯ ಹಳೆಯ ಹತ್ತಿ ಸೀರೆ ಇದ್ದರೆ ಅದರಷ್ಟು ಒಳ್ಳೆಯ ಒಳಬಟ್ಟೆ ಅಂಗಡಿಯಲ್ಲಿ ಸಿಗುವುದಿಲ್ಲ. ಹುಟ್ಟಿದ ಕೂಸನ್ನು ಮೊದಲು ಹಳೆಯ ಮೆತ್ತನೆಯ ಬಟ್ಟೆಯಲ್ಲಿ ಸುತ್ತುವ ನಮ್ಮ ಹಿರಿಯರ ರೂಢಿಯಲ್ಲಿ ತಿಳಿವಳಿಕೆ ಇದೆ. ಹತ್ತಾರು ಸಲ ಒಗೆದ ಹತ್ತಿ ಮತ್ತೆ ಕುಗ್ಗುವುದಿಲ್ಲ, ಬಣ್ಣ ಬಿಡುವುದಿಲ್ಲ, ಚುಚ್ಚುವುದೂ ಇಲ್ಲ. ಸೀರೆಯನ್ನು ಬೆಳಕಿಗೆ ಹಿಡಿದು ನೋಡಿ, ಎಳೆ ಸವೆದ ಜಾಗ ಬಿಟ್ಟು ಗಟ್ಟಿ ಇರುವ ಕಡೆ ಕತ್ತರಿಸಿ. ಹೊಸ ಬಟ್ಟೆಯಾದರೆ ರಾತ್ರಿಯಿಡೀ ನೆನೆಸಿ, ಒಗೆದು, ನೆರಳಿನಲ್ಲಿ ಒಣಗಿಸಿ, ಇಸ್ತ್ರಿ ಮಾಡಿದ ಮೇಲೆಯೇ ಕತ್ತರಿ ಹಾಕಿ. ಇಲ್ಲದಿದ್ದರೆ ಮೊದಲ ಒಗೆತಕ್ಕೆ ಬಟ್ಟೆ ಕುಗ್ಗಿ ಕಸೂತಿ ಸುಕ್ಕಾಗುತ್ತದೆ.

ದಾರಕ್ಕೂ ಒಂದು ಪರೀಕ್ಷೆ ಇದೆ. ಕೆಂಪು, ಕಪ್ಪು, ಕಡು ನೀಲಿ ಬಣ್ಣ ಬಿಡುವುದು ಜಾಸ್ತಿ. ಒಂದು ತುಂಡು ದಾರ ಒದ್ದೆ ಮಾಡಿ, ಬಿಳಿ ಬಟ್ಟೆಯ ಮಡಿಕೆಯಲ್ಲಿಟ್ಟು ಬಿಸಿ ಇಸ್ತ್ರಿ ಒತ್ತಿ. ಬಿಳಿ ಬಟ್ಟೆಗೆ ಬಣ್ಣ ಹತ್ತಿದರೆ ಆ ದಾರ ಕೂಸಿನ ಬಟ್ಟೆಗೆ ಬೇಡ. ಕಸೂತಿ ದಾರದ ಲಡಿಯಲ್ಲಿ ಆರು ಎಳೆ ಇರುತ್ತವೆ. ಮಲ್ ಮೇಲೆ ಒಂದೇ ಎಳೆ, ಕೇಂಬ್ರಿಕ್ ಮೇಲೆ ಎರಡು. ಒಂದು ಮೊಳಕ್ಕಿಂತ ಉದ್ದ ದಾರ ಪೋಣಿಸಬೇಡಿ, ಬಟ್ಟೆಯೊಳಗೆ ಹಾದು ಹಾದು ಕೊನೆಯ ಭಾಗ ನವೆಯುತ್ತದೆ.

ಹೊಲಿಗೆಯ ವಿಷಯಕ್ಕೆ ಬಂದರೆ, ನಮ್ಮ ಉತ್ತರ ಕರ್ನಾಟಕದ ಕಸೂತಿ ಮಕ್ಕಳ ಬಟ್ಟೆಗೆ ಹೇಳಿ ಮಾಡಿಸಿದ್ದು ಅಂತ ನಾನು ನಂಬಿದ್ದೇನೆ. ಗವಂತಿ, ಮುರ್ಗಿ, ನೇಗಿ, ಮೆಂತೆ ಅಂತ ಅದರಲ್ಲಿ ನಾಲ್ಕು ಬಗೆ. ಗವಂತಿಯಲ್ಲಿ ಎಳೆ ಎಣಿಸುತ್ತಾ ಒಂದು ಬಿಟ್ಟು ಒಂದು ಹೊಲಿಗೆ ಹಾಕಿ ಹೋಗುತ್ತೀರಿ. ವಾಪಸ್ ಬರುವಾಗ ಬಿಟ್ಟ ಜಾಗ ತುಂಬಿಸುತ್ತೀರಿ. ಹಿಂದೆ ಮುಂದೆ ಎರಡೂ ಕಡೆ ಒಂದೇ ರೀತಿ ಕಾಣುತ್ತದೆ. ಗಂಟು ಹಾಕುವುದೇ ಇಲ್ಲ. ಶುರುವಿನಲ್ಲಿ ಬಿಟ್ಟ ತುದಿಯನ್ನು ವಾಪಸ್ ಬರುವ ಹೊಲಿಗೆಯೇ ಹಿಡಿದುಕೊಳ್ಳುತ್ತದೆ. ಮುರ್ಗಿಯೂ ಹಾಗೇ, ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ಈ ಎರಡರಲ್ಲೇ ಗೋಪುರ, ತೇರು, ತುಳಸಿ ಕಟ್ಟೆ, ನವಿಲು, ತೊಟ್ಟಿಲು ಎಲ್ಲಾ ಬರುತ್ತವೆ. ಕೂಸಿನ ಕುಂಚಿಗೆಗೆ ತೊಟ್ಟಿಲ ಚಿತ್ತಾರಕ್ಕಿಂತ ಇನ್ನೇನು ಬೇಕು ಅಲ್ವಾ?

ನೇಗಿ, ಅಂದರೆ ನೇಯ್ದಂತೆ ಕಾಣುವ ಹೊಲಿಗೆ, ಚೆಂದವೇ, ಆದರೆ ಅದರ ಹಿಂಭಾಗದಲ್ಲಿ ಉದ್ದುದ್ದ ಎಳೆ ಬಿಡುತ್ತದೆ. ಕೂಸಿನ ಬಟ್ಟೆಯೊಳಗೆ ಸಡಿಲ ಎಳೆ ಇರಲೇಬಾರದು. ಕೈಕಾಲಿನ ಬೆರಳಿಗೆ ಒಂದು ಎಳೆ ಸುತ್ತಿಕೊಂಡು ಬಿಗಿದರೆ ರಕ್ತ ಓಡುವುದು ನಿಲ್ಲುತ್ತದೆ, ಬೆರಳು ಊದಿಕೊಳ್ಳುತ್ತದೆ. ಹೀಗೆ ಎಳೆ ಸುತ್ತಿಕೊಂಡ ಮಕ್ಕಳನ್ನು ವೈದ್ಯರು ನೋಡುತ್ತಲೇ ಇರುತ್ತಾರೆ. ಮಗು ಯಾಕೆ ಅಳುತ್ತಿದೆ ಅಂತ ಮನೆಯವರಿಗೆ ತಿಳಿಯುವುದೇ ಇಲ್ಲ. ಕಾಲುಚೀಲ, ಕೈಚೀಲ ಹೊಲಿದರೆ ಒಳಗಡೆ ಮತ್ತೊಂದು ಪದರ ಮಲ್ ಹಾಕಿ ಮುಚ್ಚಿಬಿಡಿ. ಮೆಂತೆ, ಅಂದರೆ ಕ್ರಾಸ್ ಹೊಲಿಗೆ, ಅದರದು ಬೇರೆ ಸಮಸ್ಯೆ: ದಾರ ಜಾಸ್ತಿ ಹಿಡಿದು ಜಾಗ ದಪ್ಪವಾಗುತ್ತದೆ. ಕುಂಚಿಗೆಯ ಹೊರಪದರಕ್ಕೆ ಸರಿ, ಅಂಗಿಗೆ ಬೇಡ.

ಮಲ್ ಬಟ್ಟೆಯ ಎಳೆ ಬರಿಗಣ್ಣಿಗೆ ಎಣಿಸಲು ಸಿಗುವುದಿಲ್ಲ. ಅದಕ್ಕೆ ಮೇಲೆ ಒಂದು ಜಾಳು ಬಟ್ಟೆ ಕೂರಿಸಿ, ಸುತ್ತ ಕಚ್ಚಾ ಹೊಲಿಗೆ ಹಾಕಿ, ಅದರ ಚೌಕಗಳನ್ನು ಎಣಿಸಿ ಹೊಲಿಯಿರಿ. ಮುಗಿದ ಮೇಲೆ ಜಾಳು ಬಟ್ಟೆಯ ಎಳೆಗಳನ್ನು ಒಂದೊಂದಾಗಿ ಎಳೆದು ತೆಗೆಯಿರಿ. ಕಸೂತಿ ಮಲ್ ಮೇಲೆ ಉಳಿಯುತ್ತದೆ. ಕಾರ್ಬನ್ ಪೇಪರಿನ ಗುರುತು ಬೇಕಿಲ್ಲ, ಹಿಂದೆ ಅಂಟಿಸುವ ಗಟ್ಟಿ ಪೇಪರೂ ಬೇಕಿಲ್ಲ. ಅಂಗಡಿಯ ಮಷಿನ್ ಕಸೂತಿ ಅಂಗಿ ತಿರುವಿ ನೋಡಿ, ಆ ಪೇಪರು ಎಷ್ಟು ಒರಟು ಅಂತ ಕೈಗೇ ಗೊತ್ತಾಗುತ್ತದೆ.

ಸಂಡೂರಿನ ಲಂಬಾಣಿ ಕಸೂತಿ ಹಾಕಬಹುದಾ ಅಂತಲೂ ಕೇಳಿದ್ದೀರಿ. ನನಗೆ ಅದರ ಮೇಲೆ ತುಂಬಾ ಪ್ರೀತಿ. 2023ರ ಜುಲೈನಲ್ಲಿ ಹಂಪಿಯಲ್ಲಿ ಜಿ-20 ಸಭೆ ನಡೆದಾಗ ಲಂಬಾಣಿ ಹೆಣ್ಣುಮಕ್ಕಳು ಹೊಲಿದ 1755 ಕಸೂತಿಗಳ ಪ್ರದರ್ಶನ ಗಿನ್ನೆಸ್ ದಾಖಲೆ ಸೇರಿತು. ನಮ್ಮ ಜಿಲ್ಲೆಯ ಕೈಗಳ ಕೆಲಸ ಅದು, ಹೇಳಿಕೊಳ್ಳಲು ಹೆಮ್ಮೆ. ಆದರೆ ಕನ್ನಡಿ, ಕವಡೆ, ಗೆಜ್ಜೆ, ಮಣಿ ಯಾವುದೂ ಕೂಸಿನ ಬಟ್ಟೆಗೆ ಬರಕೂಡದು. ನಾಲ್ಕನೇ ತಿಂಗಳಿಗೆ ಎಲ್ಲವೂ ಬಾಯಿಗೆ ಹೋಗುತ್ತದೆ, ಕಿತ್ತು ಬಂದ ಮಣಿ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಕನ್ನಡಿ ಇಲ್ಲದ ಅವರ ಹೊಲಿಗೆಗಳೇ ಬೇಕಾದಷ್ಟಿವೆ. ವೇಲೆ, ಮಾಕಿ ಇಂಥವನ್ನು ಕುಂಚಿಗೆಯ ಅಂಚಿಗೆ ಹಾಕಿ, ಒಳಗೆ ಪದರ ಕೊಡಿ. ಕನ್ನಡಿ ಹಾಕಲೇಬೇಕು ಅನ್ನಿಸಿದರೆ ತೊಟ್ಟಿಲ ಕಾರ್ಯದ ದಿನ ಗೋಡೆಗೆ ಕಟ್ಟುವ ಬಟ್ಟೆಗೆ ಹಾಕಿ, ಅಲ್ಲಿ ಚೆನ್ನಾಗಿ ಮಿಂಚುತ್ತದೆ.

ಜೋಡಿಸುವ ಹೊಲಿಗೆಗೆ ಫ್ರೆಂಚ್ ಹೊಲಿಗೆ ಕಲಿಯಿರಿ. ಎಲ್ಲರೂ ಬಟ್ಟೆಯ ಒಳಮೈ ಹೊರಗೆ ಬರುವಂತೆ ಇಟ್ಟು ಹೊಲಿಯುತ್ತಾರೆ. ಇದರಲ್ಲಿ ಮೊದಲು ಉಲ್ಟಾ. ಒಳಮೈ ಒಳಗೇ ಇರುವಂತೆ ಇಟ್ಟು, ಅಂಚಿಗೆ ಹತ್ತಿರ ಒಂದು ಹೊಲಿಗೆ ಹಾಕಿ, ಮಿಕ್ಕ ಬಟ್ಟೆ ಸಣ್ಣಗೆ ಕತ್ತರಿಸಿ. ಆಮೇಲೆ ತಿರುವಿ, ಕಾಲು ಇಂಚಿಗೆ ಎರಡನೇ ಹೊಲಿಗೆ. ಕತ್ತರಿಸಿದ ಅಂಚು ಒಳಗೆ ಸಿಕ್ಕಿಕೊಂಡು ಎರಡೂ ಕಡೆ ನುಣ್ಣಗಿರುತ್ತದೆ. ಓವರ್‌ಲಾಕ್ ಮಾಡಿಸಬೇಡಿ, ಅದರ ದಾರ ಕೂಸಿನ ಕಂಕುಳಿಗೆ ಉಜ್ಜುತ್ತದೆ. ಪಕ್ಕದ ಹೊಲಿಗೆಗೆ ಮಷಿನ್ ಬಳಸಿದರೂ ಪರವಾಗಿಲ್ಲ, ಸೂಜಿ ಮಾತ್ರ ಬದಲಾಯಿಸಿ. ಬಳ್ಳಾರಿಯಲ್ಲಿ ಓಣಿ ಓಣಿಗೂ ಜೀನ್ಸ್ ಹೊಲಿಯುತ್ತಾರೆ, ಮಷಿನ್‌ನಲ್ಲಿ 16 ಅಥವಾ 18ನೇ ನಂಬರ್ ಸೂಜಿಯೇ ಇರುತ್ತದೆ. ಅದನ್ನು ಮಲ್ ಮೇಲೆ ಓಡಿಸಿದರೆ ಸಾಲಾಗಿ ತೂತು ಬೀಳುತ್ತವೆ. 9 ಅಥವಾ 11ನೇ ನಂಬರ್ ಸೂಜಿ ಕೇಳಿ ತನ್ನಿ. ಕುತ್ತಿಗೆಗೆ, ತೋಳಿಗೆ ಅದೇ ಮಲ್ ಬಟ್ಟೆಯ ಕ್ರಾಸ್ ಪಟ್ಟಿ (ಓರೆಯಾಗಿ ಕತ್ತರಿಸಿದ ಪಟ್ಟಿ) ಕೊಟ್ಟು ಕೈಯಲ್ಲೇ ಹೆಮ್ಮಿಂಗ್ ಮಾಡಿ.

ಅಳತೆಯಲ್ಲಿ ಒಂದು ಮಾತು ನೆನಪಿಡಿ. ಹುಟ್ಟಿದ ಕೂಸಿನ ತಲೆಯ ಸುತ್ತಳತೆ ಸುಮಾರು 35 ಸೆಂಟಿಮೀಟರ್. ಎದೆ ಅದಕ್ಕಿಂತ ಒಂದೆರಡು ಸೆಂಟಿಮೀಟರ್ ಕಡಿಮೆ. ಎರಡೂ ಸಮವಾಗುವುದು ಒಂದು ವರ್ಷದ ಹೊತ್ತಿಗೆ, ಆಗ ತಲೆ ಸುಮಾರು 46 ಇರುತ್ತದೆ. ಮೈಗೆ ಸರಿಯಾದ ಅಂಗಿ ತಲೆಯಲ್ಲಿ ತೂರುವುದಿಲ್ಲ ಅನ್ನುವುದು ಇದೇ ಕಾರಣಕ್ಕೆ. ನಮ್ಮ ಕಸೆ ಅಂಗಿ ಮುಂದೆ ತೆರೆದು ಪಕ್ಕಕ್ಕೆ ಕಟ್ಟುವಂತೆ ಇರುವುದೂ ಅದಕ್ಕೇ. ಮಲಗಿದ ಕೂಸಿಗೆ ಕತ್ತು ಅಲುಗಿಸದೆ ತೊಡಿಸಬಹುದು. ಗುಂಡಿ, ಹುಕ್ಕು ಬೇಡ. ಕಸೆ ಗಿಡ್ಡವಿರಲಿ, ಪಕ್ಕೆಯ ಹತ್ತಿರವಿರಲಿ, ಕುತ್ತಿಗೆಯ ಸುತ್ತ ಬೇಡ. ಕುಲಾಯಿಗೂ ಕುಂಚಿಗೆಗೂ ಗಲ್ಲದ ಕೆಳಗೆ ಕಟ್ಟು ಇರುತ್ತದಲ್ಲ, ಕೂಸು ಮಲಗಿದಾಗ ಅವನ್ನು ತೆಗೆದಿಡಲು ನಿಮ್ಮ ತಂಗಿಗೆ ಈಗಲೇ ಹೇಳಿ. ಉಸಿರಿಗೂ ಅಡ್ಡಿ, ಸೆಖೆಯೂ ಏರುತ್ತದೆ. ಅಂಗಿಯ ಕೆಳಗೆ ಎರಡು ಮೂರು ಸಣ್ಣ ಮಡಿಕೆ ಹಿಡಿದು ಹೊಲಿದಿಟ್ಟರೆ ಕೂಸು ಬೆಳೆದಂತೆ ಒಂದೊಂದೇ ಬಿಚ್ಚಬಹುದು.

ಹುಟ್ಟುವ ಮೊದಲೇ ಹೊಸ ಅಂಗಿ ಹೊಲಿಯಬಾರದು ಅಂತ ನಿಮ್ಮತ್ತೆ ಬೇಸರ ಮಾಡಿಕೊಂಡರು ಅಂತ ಬರೆದಿದ್ದೀರಿ. ಅವರ ಮನಸ್ಸು ನೋಯಿಸುವ ಅಗತ್ಯವೇ ಇಲ್ಲ. ಕಸೂತಿಯನ್ನು ಕತ್ತರಿಸದ ಬಟ್ಟೆಯ ಮೇಲೆ ಹಾಕುವುದೇ ಸರಿಯಾದ ಕ್ರಮ. ಕತ್ತರಿಸಿದ ಸಣ್ಣ ತುಂಡು ಕಸೂತಿಯ ರಿಂಗಿನಲ್ಲಿ ಕೂರುವುದಿಲ್ಲ, ಎಳೆದು ಆಕಾರ ಕೆಡುತ್ತದೆ. ಅಳತೆಯ ಗೆರೆಯನ್ನು ಕಚ್ಚಾ ಹೊಲಿಗೆಯಲ್ಲಿ ಗುರುತು ಮಾಡಿ, ಅದರೊಳಗೆ ಕಸೂತಿ ಮುಗಿಸಿ, ಒಗೆದು ಇಡಿ. ಅಲ್ಲಿಯವರೆಗೆ ಅದು ಬರೀ ಬಟ್ಟೆ. ಕೂಸು ಹುಟ್ಟಿದ ಮೇಲೆ ಕತ್ತರಿಸಿ, ತೊಟ್ಟಿಲ ಕಾರ್ಯದ ಹೊತ್ತಿಗೆ ಜೋಡಿಸಿಕೊಡಿ. ನಿಮ್ಮತ್ತೆಗೂ ಒಂದು ಅಂಚು ಹೊಲಿಯಲು ಕೊಡಿ, ಆ ವಯಸ್ಸಿನವರ ಕೈಯ ಹೆಮ್ಮಿಂಗ್ ನೋಡಿದರೆ ನಮ್ಮದು ನಾಚುತ್ತದೆ.

ಇನ್ನು ತೆಗೆದಿಡುವುದು. ದಯವಿಟ್ಟು ಇದನ್ನು ನಿಧಾನವಾಗಿ ಓದಿ. ನುಸಿ ಗುಳಿಗೆಯನ್ನು (ನಾಫ್ತಲೀನ್ ಉಂಡೆ) ಕೂಸಿನ ಬಟ್ಟೆಯ ಹತ್ತಿರ ಇಡಲೇಬೇಡಿ. ಜಿ6ಪಿಡಿ ಎಂಬ ಕಿಣ್ವದ ಕೊರತೆ ಇರುವ ಮಕ್ಕಳಿಗೆ ಆ ನಾಫ್ತಲೀನ್ ಹತ್ತಿದ ಬಟ್ಟೆ ತೊಡಿಸಿದರೆ ಕೆಂಪು ರಕ್ತಕಣ ಒಡೆದು ಜೋರು ಕಾಮಾಲೆ ಆಗಬಹುದು. ಈ ಕೊರತೆ ಗಂಡು ಮಕ್ಕಳಲ್ಲಿ ಜಾಸ್ತಿ, ಮೊದಲೇ ಗೊತ್ತಾಗುವುದು ಕಡಿಮೆ. ಹಳೆಯ ಕುಂಚಿಗೆಯನ್ನು ಟ್ರಂಕಿನಿಂದ ತೆಗೆದು ನೇರ ತೊಡಿಸುವ ಮನೆಗಳಿಗೆ ಇದು ಗೊತ್ತಿರಲೇಬೇಕು. ಗುಳಿಗೆಯ ಬದಲು ಒಣಗಿದ ಬೇವಿನ ಎಲೆಯನ್ನು ಪುಟ್ಟ ಚೀಲದಲ್ಲಿ ಕಟ್ಟಿ ಮೂಲೆಗೆ ಇಡಿ, ಬಟ್ಟೆಗೆ ನೇರ ತಾಗದಿರಲಿ.

ಇಡುವ ಮೊದಲು ಚೆನ್ನಾಗಿ ಒಗೆಯಿರಿ. ಎಣ್ಣೆ, ಹಾಲಿನ ಕಲೆ ಇವತ್ತು ಕಾಣದಿದ್ದರೂ ವರ್ಷ ಕಳೆದಂತೆ ಹಳದಿಯಾಗಿ ಮೇಲೇಳುತ್ತದೆ. ಬೋರಿನ ಗಡಸು ನೀರಿನಲ್ಲಿ ಸಾಬೂನು ಪೂರ್ತಿ ಬಿಡುವುದಿಲ್ಲ, ಬಟ್ಟೆ ಬಿರುಸಾಗುತ್ತದೆ. ಕೊನೆಯ ಜಾಲಾಟಕ್ಕಾದರೂ ಮಳೆ ನೀರು ಅಥವಾ ಆರ್‌ಒ ಫಿಲ್ಟರ್ ನೀರು ಬಳಸಿ. ಹಿಂಡಬೇಡಿ, ಟವೆಲ್ಲಿನಲ್ಲಿ ಸುತ್ತಿ ಒತ್ತಿ. ಒಳಮೈ ಹೊರಗೆ ಮಾಡಿ ಮನೆಯೊಳಗೇ ಗಾಳಿಗೆ ಹರವಿ, ನಮ್ಮ ಕಡೆಯ ಕೆಂಪು ಧೂಳು ಒದ್ದೆ ಬಿಳಿ ಬಟ್ಟೆಗೆ ಕೂತರೆ ಹೋಗುವುದು ಕಷ್ಟ. ಗಂಜಿ ಹಾಕಿ ಇಡಬೇಡಿ, ಗಂಜಿ ತಿನ್ನಲು ಹುಳ ಬರುತ್ತದೆ. ಪ್ಲಾಸ್ಟಿಕ್ ಚೀಲವೂ ಬೇಡ. ಹಳೆಯ ಬಿಳಿ ಪಂಚೆಯಲ್ಲಿ ಸುತ್ತಿಡಿ. ಕಬ್ಬಿಣದ ಟ್ರಂಕ್ ಆದರೆ ತುಕ್ಕು ತಾಗದಂತೆ ತಳಕ್ಕೂ ಬಟ್ಟೆ ಹಾಸಿ. ವರ್ಷಕ್ಕೊಮ್ಮೆ ತೆಗೆದು ಬೇರೆ ಕಡೆ ಮಡಚಿ, ಒಂದೇ ಮಡಿಕೆಯಲ್ಲಿ ಎಳೆ ಮುರಿಯುತ್ತದೆ.

ಒಂದು ಮೂಲೆಯಲ್ಲಿ, ಒಳಗಡೆ, ಗವಂತಿಯಲ್ಲೇ ಮಗುವಿನ ಹೆಸರಿನ ಮೊದಲ ಅಕ್ಷರ ಮತ್ತು ಹುಟ್ಟಿದ ವರ್ಷ ಹಾಕಿ. ಮುಂದಿನ ಕೂಸಿನದಕ್ಕೆ ಪಕ್ಕದಲ್ಲೇ ಜಾಗ ಬಿಡಿ. ಏಳನೇ ತಿಂಗಳು ಅಂದರೆ ಕುಂಚಿಗೆಗೆ ಸಾಕಷ್ಟು ಸಮಯ ಇದೆ. ಈ ವಾರ ಬಟ್ಟೆ ನೆನೆಸಿ, ದಾರದ ಬಣ್ಣ ನೋಡಿಕೊಳ್ಳಿ. ತೊಟ್ಟಿಲ ಚಿತ್ತಾರದ ಎಣಿಕೆ ಬೇಕಾದರೆ ಕೇಳಿ, ಚೌಕದ ಹಾಳೆಯಲ್ಲಿ ಬರೆದು ಹಾಕುತ್ತೇನೆ.