ಕಾರ್ಪೆಟ್ಟಿನ ಕೆಳಗೆ ಉಳಿದ ನೀರು

ಪ್ರಶ್ನೆ: ಮಳೆಗೆ ರಾಜಕಾಲುವೆ ಉಕ್ಕಿ ನಮ್ಮ ಅಪಾರ್ಟ್‌ಮೆಂಟಿನ ನೆಲಮಾಳಿಗೆಗೆ ನೀರು ನುಗ್ಗಿತು. ನನ್ನ ಪೆಟ್ರೋಲ್ ಕಾರು ಒಂದು ರಾತ್ರಿ ಸೀಟಿನ ತಳದವರೆಗೆ ನೀರಿನಲ್ಲಿ ನಿಂತಿತ್ತು. ಎಂಜಿನ್‌ಗೆ ಹಾನಿಯಾಗಿಲ್ಲವೆಂದು ಗ್ಯಾರೇಜಿನವರು ಪರೀಕ್ಷಿಸಿ ಹೇಳಿದ್ದಾರೆ. ಒಳಭಾಗವನ್ನು ತೊಳೆಸಿ ಎರಡು ದಿನ ಬಿಸಿಲಿಗೆ ನಿಲ್ಲಿಸಿದೆವು. ಆದರೂ ಮುಗ್ಗಲು ವಾಸನೆ ಹೋಗಿಲ್ಲ, ಬೆಳಗ್ಗೆ ಗಾಜಿನ ಒಳಬದಿಗೆ ಹಬೆ ಕಟ್ಟುತ್ತದೆ, ಮೂರು ವಾರಗಳ ಬಳಿಕ ಈಗ ಏರ್‌ಬ್ಯಾಗ್ ದೀಪವೂ ಉರಿಯುತ್ತಿದೆ. ಏನು ಮಾಡಬೇಕು?
– ಬೆಂಗಳೂರಿನ ಓದುಗರೊಬ್ಬರು

ಉತ್ತರ: ನೀವು ಹೇಳಿರುವುದನ್ನು ನೋಡಿದರೆ ಮೂರು ತೊಂದರೆಗಳಿಗೂ ಮೂಲ ಒಂದೇ ಇರುವಂತಿದೆ: ನೀರು ಇನ್ನೂ ಕಾರಿನೊಳಗೇ ಇದೆ. ಕಣ್ಣಿಗೆ ಕಾಣುವ ಕಾರ್ಪೆಟ್ ತೆಳುವಾದದ್ದು. ಅದರ ಕೆಳಗೆ ಶಬ್ದ ತಡೆಯಲೆಂದು ಹಾಕಿರುವ ದಪ್ಪ ಫೆಲ್ಟ್ ಅಥವಾ ಫೋಮಿನ ಪದರವು ಸ್ಪಂಜಿನಂತೆ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಮೇಲಿನ ಬಟ್ಟೆ ಬಿಸಿಲಿಗೆ ಒಣಗಿ ಗರಿಗರಿಯಾದರೂ ತಳದ ಪದರ ವಾರಗಟ್ಟಲೆ ಒದ್ದೆಯಾಗಿಯೇ ಉಳಿಯಬಲ್ಲದು. ಅಲ್ಲಿ ಬೂಷ್ಟು ಬೆಳೆಯುವಾಗ ಸುಗಂಧದ ಡಬ್ಬಿಯಾಗಲಿ, ಮೇಲೆ ಉದುರಿಸಿದ ಅಡುಗೆ ಸೋಡಾ ಆಗಲಿ ಪ್ರಯೋಜನಕ್ಕೆ ಬಾರದು.

ಆದ್ದರಿಂದ ಸೀಟುಗಳನ್ನು ಬಿಚ್ಚಿ, ಬಾಗಿಲಿನ ಹೊಸ್ತಿಲ ಪಟ್ಟಿಗಳನ್ನು ತೆಗೆದು, ಇಡೀ ಕಾರ್ಪೆಟ್ಟನ್ನು ಹೊರಗೆ ತೆಗೆಸಲೇಬೇಕು. ಈ ಕೆಲಸವನ್ನು ಮಾತ್ರ ದಯವಿಟ್ಟು ನೀವೇ ಮಾಡಲು ಹೋಗಬೇಡಿ. ಮುಂದಿನ ಸೀಟುಗಳ ಕೆಳಗೆ ಸಾಮಾನ್ಯವಾಗಿ ಹಳದಿ ಬಣ್ಣದಲ್ಲಿರುವ ಕನೆಕ್ಟರುಗಳು ಏರ್‌ಬ್ಯಾಗ್ ಮತ್ತು ಸೀಟ್‌ಬೆಲ್ಟ್ ವ್ಯವಸ್ಥೆಗೆ ಸೇರಿದವು. ಬ್ಯಾಟರಿಯ ಸಂಪರ್ಕ ತಪ್ಪಿಸಿ, ತಯಾರಕರು ಸೂಚಿಸಿದಷ್ಟು ಹೊತ್ತು ಕಾದು, ಅನಂತರವೇ ಅವನ್ನು ಮುಟ್ಟಬೇಕು. ಏರ್‌ಬ್ಯಾಗನ್ನು ನಿಯಂತ್ರಿಸುವ ಘಟಕವೂ ಅನೇಕ ಕಾರುಗಳಲ್ಲಿ ಗೇರ್ ಲಿವರ್‌ನ ಆಸುಪಾಸಿನಲ್ಲಿ, ನೆಲದ ಮಟ್ಟದಲ್ಲೇ ಇರುತ್ತದೆ. ನಿಮ್ಮ ಕಾರಿನಲ್ಲಿ ತುಕ್ಕು ಹಿಡಿದಿರುವುದು ಬರೀ ಕನೆಕ್ಟರೋ, ಘಟಕವೇ ನೆನೆದಿದೆಯೋ ಎಂಬುದನ್ನು ಸ್ಕ್ಯಾನರ್ ಇಟ್ಟು ನೋಡಬೇಕು. ಘಟಕ ನೆನೆದಿದ್ದರೆ ಒಣಗಿಸಿ ಮತ್ತೆ ಕೂರಿಸುವುದಕ್ಕೆ ಒಪ್ಪಬೇಡಿ, ಹೊಸದನ್ನೇ ಹಾಕಿಸಿ. ದೀಪ ಉರಿಯುತ್ತಿದೆ ಎಂದರೆ ಅಪಘಾತದ ಹೊತ್ತಿನಲ್ಲಿ ಏರ್‌ಬ್ಯಾಗ್ ತೆರೆದುಕೊಳ್ಳದೇ ಇರಬಹುದು. ಅದು ಸರಿಯಾಗುವವರೆಗೆ ಕಾರನ್ನು ಮನೆಯವರ ಓಡಾಟಕ್ಕೆ ಬಳಸದಿರುವುದು ಒಳ್ಳೆಯದು.

ಬಂದದ್ದು ಮಳೆನೀರಷ್ಟೇ ಆಗಿದ್ದರೆ ತಳದ ಪದರವನ್ನು ತೊಳೆದು ಒಣಗಿಸಿ ಎನ್ನುತ್ತಿದ್ದೆ. ರಾಜಕಾಲುವೆಯಲ್ಲಿ ಒಳಚರಂಡಿಯ ನೀರೂ ಬೆರೆತಿರುವುದರಿಂದ ಅದನ್ನು ಎಸೆದು ಹೊಸದು ಹಾಕಿಸುವುದೇ ಸರಿ. ಖರ್ಚಾಗುತ್ತದೆ, ನಿಜ, ಆದರೆ ಮುಚ್ಚಿದ ಕಾರಿನಲ್ಲಿ ಮಕ್ಕಳು ಉಸಿರಾಡುವ ಗಾಳಿಯ ಪ್ರಶ್ನೆ ಇದು. ಮೇಲಿನ ಕಾರ್ಪೆಟ್ಟನ್ನು ಸೋಪಿನ ನೀರಿನಲ್ಲಿ ಚೆನ್ನಾಗಿ ತೊಳೆದು ಮರುಬಳಕೆ ಮಾಡಬಹುದು. ಎ.ಸಿ.ಯ ಕ್ಯಾಬಿನ್ ಫಿಲ್ಟರನ್ನೂ ಬದಲಾಯಿಸಿಬಿಡಿ.

ಬಿಚ್ಚಿಸುವ ಮೊದಲೇ ವಿಮಾ ಕಂಪನಿಗೆ ತಿಳಿಸಿ, ಅವರ ಸರ್ವೇಯರ್ ನೋಡುವವರೆಗೆ ಹಳೆಯ ಭಾಗ ಯಾವುದನ್ನೂ ಎಸೆಯಬೇಡಿ. ಪ್ರವಾಹದ ಹಾನಿ ಸಮಗ್ರ ಪಾಲಿಸಿಯ ವ್ಯಾಪ್ತಿಗೆ ಬರುತ್ತದೆ, ಬರೀ ಥರ್ಡ್ ಪಾರ್ಟಿ ಪಾಲಿಸಿಯಲ್ಲಿ ಬರುವುದಿಲ್ಲ. ಮೂರು ವಾರ ಕಳೆದಿರುವುದರಿಂದ ಇನ್ನು ತಡಮಾಡದಿರಿ.

ಕಾರ್ಪೆಟ್ ತೆಗೆದ ಮೇಲೆ ನೆಲದ ತಗಡಿನ ರಬ್ಬರ್ ಬಿರಡೆಗಳನ್ನು ಬಿಚ್ಚಿಸಿ ನಿಂತ ನೀರನ್ನು ಹರಿಯಬಿಡಿ, ತುಕ್ಕು ಕಂಡಲ್ಲಿ ಉಜ್ಜಿ ಪ್ರೈಮರ್ ಹಚ್ಚಿಸಿ. ಮತ್ತೆ ಹಾಸುವ ಮುನ್ನ ತಗಡಿನ ಮೇಲೆ ಒಣ ಪತ್ರಿಕೆಯ ಹಾಳೆ ಹರಡಿ, ಗಾಜು ಏರಿಸಿ ಒಂದು ರಾತ್ರಿ ಬಿಡಿ. ಬೆಳಗ್ಗೆ ಹಾಳೆ ಮೆತ್ತಗಾಗಿದ್ದರೆ ಇನ್ನೂ ಎರಡು ದಿನ ಕಾಯಿರಿ.