ಬಿಳಿ ಬೆಡ್‌ಶೀಟ್‌ಗೆ ಮೆರೂನ್ ನೈಟಿಯ ಬಣ್ಣ ಹತ್ತಿದೆ, ಹೋಗುತ್ತಾ?

ಪ್ರಶ್ನೆ: ಹೊಸ ಮೆರೂನ್ ಕಾಟನ್ ನೈಟಿಯನ್ನು ಬಿಳಿ ಬೆಡ್‌ಶೀಟ್‌ಗಳ ಜೊತೆ ವಾಷಿಂಗ್ ಮಷೀನ್‌ಗೆ ಹಾಕಿಬಿಟ್ಟೆ. ಎರಡು ಬೆಡ್‌ಶೀಟ್ ತುಂಬಾ ಗುಲಾಬಿ ಕಲೆ. ಎರಡೂ ಹತ್ತಿಯವು. ಪೂರ್ತಿ ಬಿಳಿ ಇರುವುದನ್ನು ಆಗಲೇ ಒಣಗಿಸಿದ್ದೇನೆ. ನೀಲಿ ಹೂವಿನ ಅಂಚಿರುವುದು ಇನ್ನೂ ಒದ್ದೆಯಾಗಿ ಬಕೆಟ್‌ನಲ್ಲಿದೆ. ಪಕ್ಕದ ಮನೆಯವರು ಬ್ಲೀಚ್ ಸುರಿಯಿರಿ ಅಂತಾರೆ, ಅತ್ತೆ ಉಪ್ಪುನೀರಲ್ಲಿ ನೆನೆಹಾಕು ಅಂತಾರೆ. ಏನು ಮಾಡಲಿ?
– ಓದುಗರು, ಹಾಸನ

ಉತ್ತರ: ಗಾಬರಿ ಬೇಡ. ನೈಟಿಯಿಂದ ಬಿಟ್ಟಿದ್ದು ಅದರ ನೂಲಿಗೆ ಸರಿಯಾಗಿ ಅಂಟದೇ ಉಳಿದಿದ್ದ ಬಣ್ಣ. ಅಲ್ಲೇ ಗಟ್ಟಿಯಾಗಿ ಕೂರದ ಬಣ್ಣ ನಿಮ್ಮ ಬೆಡ್‌ಶೀಟ್ ಮೇಲೂ ಅಷ್ಟು ಗಟ್ಟಿಯಾಗಿ ಕೂತಿರುವುದಿಲ್ಲ. ಆದರೆ ಒಣಗಿ, ಇಸ್ತ್ರಿಯ ಬಿಸಿಯೂ ತಗುಲಿದರೆ ತೆಗೆಯುವುದು ಕಷ್ಟವಾಗುತ್ತದೆ. ಹಾಗಾಗಿ ಬಕೆಟ್‌ನಲ್ಲಿರುವುದನ್ನು ಒಣಗಲು ಬಿಡಬೇಡಿ. ಒಣಗಿದ್ದಕ್ಕೆ ಇಸ್ತ್ರಿ ಹಾಕಬೇಡಿ.

ಉಪ್ಪಿನ ವಿಷಯ ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ತುಂಬಾ ಮನೆಗಳಲ್ಲಿ ಇದೇ ಸಲಹೆ ಸಿಗುತ್ತದೆ. ಹತ್ತಿ ಬಟ್ಟೆಗೆ ಬಣ್ಣ ಹಾಕುವವರು ಬಣ್ಣದ ನೀರಿಗೆ ಉಪ್ಪು ಹಾಕುತ್ತಾರೆ. ನೀರಿನಲ್ಲಿರುವ ಬಣ್ಣ ನೂಲಿನ ಕಡೆ ಹೋಗಲಿ ಅಂತ. ನಿಮಗೆ ಬೇಕಾಗಿರುವುದು ಇದರ ಉಲ್ಟಾ, ಅಲ್ವಾ? ಅತ್ತೆಯವರಿಗೆ ಈ ಕಾರಣ ಹೇಳಿ, ಖಂಡಿತ ಒಪ್ಪುತ್ತಾರೆ.

ಈಗ ಕೆಲಸಕ್ಕೆ ಬನ್ನಿ. ಎರಡೂ ಬೆಡ್‌ಶೀಟನ್ನು ಪುಡಿ ಹಾಕಿ ಇನ್ನೊಮ್ಮೆ ಒಗೆಯಿರಿ, ನೈಟಿಯನ್ನು ದೂರ ಇಡಿ. ಇಷ್ಟಕ್ಕೇ ಅರ್ಧ ಕಲೆ ಹೋಗುವುದೂ ಉಂಟು. ಉಳಿದಿದ್ದಕ್ಕೆ ಆಕ್ಸಿಜನ್ ಬ್ಲೀಚ್ ತನ್ನಿ. ಕಲೆ ತೆಗೆಯುವ ಪುಡಿ ಅಂತ ಅಂಗಡಿಯಲ್ಲಿ ಸಿಗುತ್ತದೆ, ಪ್ಯಾಕೆಟ್ ಮೇಲೆ ಸೋಡಿಯಂ ಪರ್ಕಾರ್ಬೊನೇಟ್ ಅಂತ ಇದೆಯಾ ನೋಡಿ. ಐದು ಲೀಟರ್ ಬಿಸಿ ನೀರಿಗೆ ಎರಡು ದೊಡ್ಡ ಚಮಚ ಸಾಕು. ಪ್ಯಾಕೆಟ್‌ನಲ್ಲಿ ಬೇರೆ ಅಳತೆ ಇದ್ದರೆ ಅದನ್ನೇ ಹಿಡಿಯಿರಿ. ನೀರು 40ರಿಂದ 60 ಡಿಗ್ರಿ ಇರಲಿ. ತಣ್ಣೀರಲ್ಲಿ ಇದು ಬಹಳ ನಿಧಾನ. ಬಟ್ಟೆ ಪೂರ್ತಿ ಮುಳುಗಿಸಿ, ಐದಾರು ಗಂಟೆ ಬಿಡಿ. ಮುಚ್ಚಳ ಬಿಗಿಯಾಗಿ ಹಾಕಬೇಡಿ, ಗ್ಯಾಸ್ ಬರುತ್ತದೆ. ನೀಲಿ ಅಂಚಿನ ಒಂದು ಮೂಲೆಯನ್ನು ಮೊದಲು ಅದ್ದಿ ನೋಡಿ. ಬಣ್ಣ ಬಿಡದಿದ್ದರೆ ಪೂರ್ತಿ ಹಾಕಿ. ಕಲೆ ಉಳಿದರೆ ಹೊಸ ನೀರು, ಹೊಸ ಪುಡಿ. ಹಳೆಯ ನೀರಿನ ಶಕ್ತಿ ಅಷ್ಟು ಹೊತ್ತಿಗೆ ಮುಗಿದಿರುತ್ತದೆ. ಒಣಗಿದ ಬೆಡ್‌ಶೀಟ್‌ಗೆ ಎರಡು ಮೂರು ಸಲ ಬೇಕಾಗಬಹುದು. ಸುಮ್ನೆ ಉಜ್ಜುತ್ತಾ ಕೂರಬೇಡಿ, ಅದರಿಂದ ನೂಲು ಸವೆಯುತ್ತದೆ ಅಷ್ಟೆ.

ಪಕ್ಕದ ಮನೆಯವರು ಹೇಳಿದ ಕ್ಲೋರಿನ್ ಬ್ಲೀಚ್ ಕೊನೆಯ ದಾರಿ. ಅದೂ ಪೂರ್ತಿ ಬಿಳಿ ಇರುವುದಕ್ಕೆ ಮಾತ್ರ. ನೀಲಿ ಹೂವನ್ನು ಅದು ಉಳಿಸುವುದಿಲ್ಲ. ಬೋರ್‌ವೆಲ್ ನೀರಾಗಿದ್ದು, ಬಕೆಟ್ ತಳದಲ್ಲಿ ತುಕ್ಕಿನ ಬಣ್ಣ ಕೂರುತ್ತಿದ್ದರೆ ಬ್ಲೀಚ್ ಬೇಡವೇ ಬೇಡ. ನೀರಿನಲ್ಲಿರುವ ಕಬ್ಬಿಣದಿಂದ ಬಟ್ಟೆ ಹಳದಿಯಾಗುತ್ತದೆ. ಹಾಕಲೇಬೇಕಾದರೆ ಕಿಟಕಿ ತೆಗೆದು, ಗ್ಲೌಸ್ ಹಾಕಿಕೊಂಡು, ತಣ್ಣೀರಿಗೆ ಬಾಟಲಿ ಮೇಲಿನ ಅಳತೆಯಷ್ಟೇ ಬೆರೆಸಿ. ಐದು ನಿಮಿಷ ಮುಳುಗಿಸಿ, ಚೆನ್ನಾಗಿ ಜಾಲಿಸಿ. ಇದೊಂದು ಮಾತ್ರ ಮರೆಯಬೇಡಿ: ಅದಕ್ಕೆ ವಿನೆಗರ್, ನಿಂಬೆರಸ, ಟಾಯ್ಲೆಟ್ ತೊಳೆಯುವ ಆಸಿಡ್ ಯಾವುದನ್ನೂ ಸೇರಿಸಬೇಡಿ. ವಿಷದ ಗಾಳಿ ಏಳುತ್ತದೆ, ಉಸಿರಿಗೇ ಅಪಾಯ.

ಇನ್ನು ಆ ನೈಟಿ. ತೊಳೆದ ನೀರು ತಿಳಿಯಾಗುವವರೆಗೆ ಬೇರೆ ಬಕೆಟ್‌ನಲ್ಲೇ ಒಗೆಯಿರಿ. ಆಮೇಲೂ ಒದ್ದೆ ಬಿಳಿ ಬಟ್ಟೆಯನ್ನು ಅದರ ಮೇಲಿಟ್ಟು ಒತ್ತಿ ನೋಡಿ. ಬಿಳಿಗೆ ಬಣ್ಣ ಹತ್ತಿದರೆ ಅದಿನ್ನೂ ಮಷೀನ್‌ಗೆ ಹೋಗುವ ಬಟ್ಟೆಯಲ್ಲ.